ಆಳದ ಅಂಕಿ ಎಷ್ಟು ತಡವಾಗಿ ಬರುತ್ತದೆ? ನಿಮ್ಮ ಡೈವ್ ಕಂಪ್ಯೂಟರನ್ನು ನೀವೇ ಪರೀಕ್ಷಿಸುವ ಬಗೆ

ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆವು. ಡೈವ್ ಮುಗಿಸಿ ಮೇಲೆ ಬರುತ್ತಿದ್ದೆ. ಬೋಟಿನಿಂದ ತೂಕ ಕಟ್ಟಿ ನೇರವಾಗಿ ಇಳಿಬಿಟ್ಟಿದ್ದ ಹಗ್ಗದಲ್ಲಿ 5 ಮೀಟರಿಗೆ ಹಳದಿ ಟೇಪ್ ಸುತ್ತಿದ್ದರು. ಟೇಪ್ ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಕೈಗೆ ಕಟ್ಟಿದ್ದ, ಆಳ ತೋರಿಸುವ ಬಾಡಿಗೆ ಡೈವ್ ಕಂಪ್ಯೂಟರ್ ಮಾತ್ರ 5.8 ಅಂತಲೇ ತೋರಿಸುತ್ತಿತ್ತು. ಇನ್ನೂ ಸ್ವಲ್ಪ ಮೇಲೆ ಹೋಗಬೇಕು ಅಂದುಕೊಂಡು ಕಾಲು ಆಡಿಸಿದೆ. ಅಂಕಿ ಒಮ್ಮೆಲೇ 4.3ಕ್ಕೆ ಜಿಗಿಯಿತು. ಗಾಬರಿಯಾಗಿ ಬಿಸಿಡಿಯ (ಗಾಳಿ ತುಂಬಿ, ಬಿಟ್ಟು ತೇಲುವುದನ್ನು ಹೊಂದಿಸುವ ಜಾಕೆಟ್ಟಿನ) ಗಾಳಿ ಬಿಟ್ಟೆ, ಕೆಳಗೆ ಜಾರತೊಡಗಿದೆ. ಅಂಕಿ ಇನ್ನೂ 4ರ ಹತ್ತಿರವೇ ನಿಂತಿತ್ತು. ಮೇಲೆ ಬರುವ ಮೊದಲು 5 ಮೀಟರಿನಲ್ಲಿ ನಿಲ್ಲುವ ಮೂರು ನಿಮಿಷದ ಸೇಫ್ಟಿ ಸ್ಟಾಪ್ ಪೂರ್ತಿ ಹೀಗೆ ಮೇಲೆ ಕೆಳಗೆ ಓಲಾಡುವುದರಲ್ಲೇ ಹೋಯಿತು.

ಆ ಕಂಪ್ಯೂಟರ್ ತೋರಿಸಿದ ಅಂಕಿ ತಪ್ಪಾಗಿರಲಿಲ್ಲ. ಎರಡು ಮೂರು ಸೆಕೆಂಡ್ ಹಳೆಯದಾಗಿತ್ತು, ಅಷ್ಟೆ.

ಕಂಪ್ಯೂಟರ್ ಕೊಳ್ಳುವಾಗ ನಾವು ಬಣ್ಣದ ಪರದೆ ಇದೆಯಾ, ಬ್ಯಾಟರಿ ಎಷ್ಟು ದಿನ ಬರುತ್ತದೆ, ಫೋನಿಗೆ ಸೇರುತ್ತದಾ ಅಂತೆಲ್ಲ ಕೇಳುತ್ತೇವೆ. ಆಳದ ಅಂಕಿ ಎಷ್ಟು ಬೇಗ ಬದಲಾಗುತ್ತದೆ ಅಂತ ಕೇಳುವುದಿಲ್ಲ. ಡಬ್ಬಿಯ ಮೇಲೂ ಅದನ್ನು ಬರೆದಿರುವುದು ಅಪರೂಪ. ಆದರೆ ಅದನ್ನು ನಾವೇ ಅಳೆಯಬಹುದು. ಒಂದು ಉದ್ದನೆಯ ಗಳ, ಒಂದು ಹಗ್ಗ, ಒಂದು ನೀರೊಳಗಿನ ಕ್ಯಾಮೆರಾ ಇದ್ದರೆ ಸಾಕು. ಈ ಬರಹ ಡೈವಿಂಗ್ ಕೋರ್ಸ್ ಮುಗಿಸಿ ಸ್ವಂತ ಕಂಪ್ಯೂಟರನ್ನು ಕೈಗೆ ಕಟ್ಟಿಕೊಳ್ಳುವವರಿಗೆ. ಮೊದಲ ಸಲ ಇನ್‌ಸ್ಟ್ರಕ್ಟರ್ ಕೈ ಹಿಡಿದು 12 ಮೀಟರ್ ಒಳಗೆ ಇಳಿಯುವವರು ಸದ್ಯಕ್ಕೆ ಮೀನು ನೋಡಿ ಖುಷಿಪಡಿ.

ಮೊದಲು ಒಂದು ಮೊಳದ ಲೆಕ್ಕ

ಈಗ ಹೆಚ್ಚಿನ ಕಡೆ ಹೇಳಿಕೊಡುವ ಮೇಲೇರುವ ವೇಗ ನಿಮಿಷಕ್ಕೆ 9 ಮೀಟರ್. ಅಂದರೆ ಸೆಕೆಂಡಿಗೆ 15 ಸೆಂಟಿಮೀಟರ್. ಪರದೆ ಮೂರು ಸೆಕೆಂಡ್ ಹಿಂದಿದ್ದರೆ ನೀವು 45 ಸೆಂಟಿಮೀಟರ್ ಮುಂದೆ ಹೋಗಿರುತ್ತೀರಿ. ಹೂವಿನವರು ಅಳೆದು ಕೊಡುವ ಸರಿಯಾಗಿ ಒಂದು ಮೊಳ. 25 ಮೀಟರ್ ಆಳದಲ್ಲಿ ಒಂದು ಮೊಳ ಏನೂ ಅಲ್ಲ. 5 ಮೀಟರಿನಲ್ಲಿ ನಿಲ್ಲಬೇಕಾದಾಗ ಅದು ದೊಡ್ಡ ಮಾತು. ಏಕೆಂದರೆ ಮೇಲಿನ 10 ಮೀಟರಿನಲ್ಲಿ ಒತ್ತಡ 2 ಬಾರ್‌ನಿಂದ 1 ಬಾರ್‌ಗೆ ಇಳಿದು ಅರ್ಧವಾಗುತ್ತದೆ. ಬಿಸಿಡಿಯ ಗಾಳಿ, ಸೂಟಿನ ಗಾಳಿ, ಶ್ವಾಸಕೋಶದ ಗಾಳಿ ಎಲ್ಲವೂ ಬೇಗ ಹಿಗ್ಗುವುದು ಇಲ್ಲೇ. ಇಲ್ಲಿ ತಡವಾಗಿ ತಿಳಿದರೆ ತಿದ್ದಿಕೊಳ್ಳುವುದೂ ತಡವಾಗುತ್ತದೆ. ಆಮೇಲೆ ತಿದ್ದಿದ್ದು ಜಾಸ್ತಿಯೂ ಆಗುತ್ತದೆ.

ಉಸಿರು ಕಟ್ಟಿ ಇಳಿಯುವ ಫ್ರೀಡೈವರ್‌ಗಳ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್. ಅವರಿಗೆ ಒಂದು ಸೆಕೆಂಡ್ ತಡ ಅಂದರೆ ಒಂದು ಮೀಟರ್. ಅದಕ್ಕೇ ಹಲವು ಕಂಪ್ಯೂಟರ್‌ಗಳಲ್ಲಿ ಫ್ರೀಡೈವಿಂಗ್‌ಗೆ ಬೇರೆ ಮೋಡ್ ಇರುತ್ತದೆ. ಅದರಲ್ಲಿ ಅಳತೆ ಇನ್ನೂ ಚುರುಕು.

ತಡ ಹುಟ್ಟುವ ಜಾಗ

ನೀರಿನಿಂದ ತಡವಾಗುವುದಿಲ್ಲ. ನೀವು ಮೇಲೇರಿದ ಕೂಡಲೇ ನಿಮ್ಮ ಸುತ್ತಲಿನ ಒತ್ತಡವೂ ಇಳಿಯುತ್ತದೆ. ಸೆನ್ಸರ್ ಕೂಡ ಚುರುಕೇ. ಅದರೊಳಗೆ ಸಿಲಿಕಾನ್‌ನ ತೆಳು ಪೊರೆ ಇರುತ್ತದೆ, ಒತ್ತಡಕ್ಕೆ ಅದು ಬಾಗುತ್ತದೆ, ಆ ಬಾಗು ವಿದ್ಯುತ್ತಿನ ಅಂಕಿಯಾಗುತ್ತದೆ. ಸ್ವಂತವಾಗಿ ಡೈವ್ ಕಂಪ್ಯೂಟರ್ ತಯಾರಿಸುವ ಹವ್ಯಾಸಿಗಳಿಗೆ ಚೆನ್ನಾಗಿ ಗೊತ್ತಿರುವ ಎಂಎಸ್5837-30ಬಿಎ ಅನ್ನುವ ಸೆನ್ಸರನ್ನೇ ನೋಡಿ. ಅದು 0.2 ಮಿಲಿಬಾರ್ ವ್ಯತ್ಯಾಸ ಗುರುತಿಸುತ್ತದೆ. ನೀರಿನಲ್ಲಿ ಅದು ಬರೀ 2 ಮಿಲಿಮೀಟರ್! ಒತ್ತಡ, ಉಷ್ಣತೆ ಎರಡನ್ನೂ ಅಳೆದು ಮುಗಿಸಲು ಅದಕ್ಕೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಡ.

ಹಾಗಾದರೆ ತಡ ಆಗುವುದು ಆಮೇಲೆ. ಬ್ಯಾಟರಿ ಉಳಿಸಲು ಎಷ್ಟೋ ಕಂಪ್ಯೂಟರ್‌ಗಳು ಸೆಕೆಂಡಿಗೊಮ್ಮೆ ಮಾತ್ರ ಅಂಕಿ ಬದಲಿಸುತ್ತವೆ. ಕೆಲವು ಇನ್ನೂ ನಿಧಾನ. ಅದರ ಮೇಲೆ ಅಂಕಿ ಕುಣಿಯದಿರಲಿ ಅಂತ ಹಿಂದಿನ ನಾಲ್ಕೈದು ಅಳತೆಗಳ ಸರಾಸರಿ ತೆಗೆದು ತೋರಿಸುತ್ತವೆ. ಕೊನೆಗೆ ಪರದೆ. ತಣ್ಣನೆಯ ನೀರಿನಲ್ಲಿ ಎಲ್‌ಸಿಡಿ ನಿಧಾನವಾಗುತ್ತದೆ. ನಮ್ಮ ಅರಬ್ಬಿ ಸಮುದ್ರದಲ್ಲಿ ಆ ಚಿಂತೆ ಇಲ್ಲ, ಆದರೆ ನಾರ್ವೆಯಲ್ಲಿರುವ ಗೆಳೆಯರು ನೆನಪಿಟ್ಟುಕೊಳ್ಳಿ.

ಇದರಲ್ಲಿ ಸರಾಸರಿ ತೆಗೆಯುವ ಹಂತವೇ ನಿಜವಾದ ಜಗ್ಗಾಟ. ಅಂಕಿ ಶಾಂತವಾಗಿರಬೇಕಾದರೆ ಅದು ತಡವಾಗಲೇಬೇಕು. ಚುರುಕಾಗಿರಬೇಕಾದರೆ ಸ್ವಲ್ಪ ಕುಣಿಯಲೇಬೇಕು. ನನ್ನ ಅಭಿಪ್ರಾಯ ಸ್ಪಷ್ಟ: ಆಳದ ಅಂಕಿ ಚುರುಕಾಗಿರಲಿ, ಕುಣಿದರೂ ಪರವಾಗಿಲ್ಲ. ಶಾಂತವಾಗಿರಬೇಕಾದದ್ದು ಪರದೆಯಲ್ಲಿ ಮೇಲೇರುವ ವೇಗವನ್ನು ತೋರಿಸುವ ಪಟ್ಟಿ. ಎರಡಕ್ಕೂ ಒಂದೇ ಸರಾಸರಿ ಬಳಸಿದ ಕಂಪ್ಯೂಟರ್ ನನಗೆ ಇಷ್ಟವಾಗುವುದಿಲ್ಲ.

ಹೆಜ್ಜೆ 1: ಸೆಟ್ಟಿಂಗ್ ನೋಡಿ

ಕಂಪ್ಯೂಟರ್ ಅಳೆಯುವುದು ಒತ್ತಡವನ್ನು. ಆಳ ಅದರಿಂದ ಲೆಕ್ಕ ಹಾಕಿದ್ದು. ಆ ಲೆಕ್ಕಕ್ಕೆ ನೀರು ಎಷ್ಟು ಭಾರ ಅಂತ ಗೊತ್ತಿರಬೇಕು. ಸಿಹಿನೀರು ಘನ ಮೀಟರಿಗೆ 1000 ಕೆಜಿ, ಸಮುದ್ರದ ನೀರು ಸುಮಾರು 1025 ಕೆಜಿ ಅಥವಾ ಸ್ವಲ್ಪ ಜಾಸ್ತಿ. ಯುರೋಪಿನ ಇಎನ್ 13319 ಮಾನದಂಡ ಇವೆರಡರ ನಡುವೆ ಸುಮಾರು 1020 ಕೆಜಿ ಹಿಡಿಯುತ್ತದೆ. ಮೆನುವಿನಲ್ಲಿ ಸಿಹಿನೀರು ಅಂತ ಇಟ್ಟು ಸಮುದ್ರಕ್ಕೆ ಇಳಿದರೆ 30 ಮೀಟರಿನಲ್ಲಿ ಅದು 30.8ರಷ್ಟು ತೋರಿಸುತ್ತದೆ. ಇದರಿಂದ ಗಾಬರಿಪಡಬೇಕಿಲ್ಲ. ಮೈಯಲ್ಲಿ ಎಷ್ಟು ಸಾರಜನಕ ಸೇರಿದೆ ಅಂತ ಕಂಪ್ಯೂಟರ್ ಮಾಡುವ ಲೆಕ್ಕ ನಡೆಯುವುದು ನೇರ ಒತ್ತಡದ ಮೇಲೆ. ಆದರೆ ಮುಂದಿನ ಪರೀಕ್ಷೆಗೆ ಈ ಸೆಟ್ಟಿಂಗ್ ಏನಿದೆ ಅಂತ ತಿಳಿದಿರಬೇಕು.

ಇನ್ನೊಂದು ವಿಷಯ, ಬೆಂಗಳೂರಿನವರಿಗೆ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿಯ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 0.1 ಬಾರ್ ಕಡಿಮೆ. ನೀರಿನ ಲೆಕ್ಕದಲ್ಲಿ ಅದು ಒಂದು ಮೀಟರ್. ಅದಕ್ಕೆ ಕಂಪ್ಯೂಟರನ್ನು ನೀರಿಗೆ ಹಾರುವ ಮೊದಲೇ, ಬೋಟಿನಲ್ಲೇ, ಆನ್ ಮಾಡಿ. ಅಲ್ಲಿಯ ಗಾಳಿಯನ್ನು ಅದು ಸೊನ್ನೆ ಅಂತ ಹಿಡಿಯಲಿ. ನೀರು ತಾಗಿದಾಗ ತಾನೇ ಆನ್ ಆಗುತ್ತದೆ ಅಂತ ಬಿಡಬೇಡಿ.

ಬಾಡಿಗೆ ಕಂಪ್ಯೂಟರ್ ಆದರೆ ಮೀಟರಿನಲ್ಲಿದೆಯಾ ಅಡಿಯಲ್ಲಿದೆಯಾ ಅಂತಲೂ ನೋಡಿ. ಅಡಿಯಲ್ಲಿದ್ದರೆ ಅಂಕಿ ಸಾಮಾನ್ಯವಾಗಿ ಒಂದೊಂದೇ ಅಡಿ ಬದಲಾಗುತ್ತದೆ. ಮೀಟರಿನಲ್ಲಿ 10 ಸೆಂಟಿಮೀಟರಿಗೊಮ್ಮೆ. ಹಾಗಾಗಿ ಅಡಿಯಲ್ಲಿ ನೋಡಿದರೆ ಒಳ್ಳೆಯ ಕಂಪ್ಯೂಟರ್ ಕೂಡ ಸೋಮಾರಿಯಂತೆ ಕಾಣುತ್ತದೆ.

ಹೆಜ್ಜೆ 2: ಬಾವಿಯಲ್ಲಿ ಇಳಿಬಿಡಿ

ನಿಂತಲ್ಲೇ ಸರಿಯಾದ ಅಂಕಿ ತೋರಿಸದ ಕಂಪ್ಯೂಟರಿನ ಚುರುಕುತನ ಅಳೆದು ಫಲವಿಲ್ಲ. ಊರಲ್ಲಿ ತೆರೆದ ಬಾವಿ ಇದ್ದರೆ ಈ ಪರೀಕ್ಷೆ ಬಹಳ ಸುಲಭ. ಕಡಲಿಗೆ ಹೋಗುವ ನಮ್ಮ ಮೀನುಗಾರರು ಹಗ್ಗ ಇಳಿಬಿಟ್ಟು ಎಷ್ಟು ಮಾರು ಆಳ ಅಂತ ಅಳೆಯುವ ಹಾಗೆಯೇ ಇದು.

ಹಗ್ಗವನ್ನು ಮೊದಲು ನೆನೆಸಿ, ಎಳೆದು ಹಿಡಿದು ಟೇಪಿನಿಂದ ಅಳೆಯಿರಿ. ಒದ್ದೆಯಾದ ಮೇಲೆ ಕೆಲವು ಹಗ್ಗಗಳ ಉದ್ದ ಬದಲಾಗುತ್ತದೆ. ಕಂಪ್ಯೂಟರಿನ ಪಕ್ಕಕ್ಕೆ ಒಂದು ಕಲ್ಲನ್ನೂ ಬಿಗಿಯಾಗಿ ಕಟ್ಟಿ. ಕಂಪ್ಯೂಟರಿನಿಂದ 3 ಮೀಟರ್ ಮತ್ತು 5 ಮೀಟರಿಗೆ ಗುರುತು ಹಾಕಿ. 5 ಮೀಟರಿನ ಗುರುತು ನೀರಿನ ಮೇಲ್ಮೈಗೆ ಬರುವ ತನಕ ಇಳಿಸಿ, ಅರ್ಧ ನಿಮಿಷ ಹಿಡಿದು ಮೇಲೆಳೆಯಿರಿ. ಗರಿಷ್ಠ ಆಳ ಎಷ್ಟು ಅಂತ ನೋಡಿ. ಸಿಹಿನೀರಿನ ಸೆಟ್ಟಿಂಗ್ ಇದ್ದರೆ 5.0, ಇಎನ್ 13319 ಅಥವಾ ಉಪ್ಪುನೀರು ಇದ್ದರೆ 4.9 ಬರಬೇಕು. ಹತ್ತಿಪ್ಪತ್ತು ಸೆಂಟಿಮೀಟರ್ ಆಚೀಚೆ ಆದರೆ ಅದು ಹಗ್ಗದ ತಪ್ಪೂ ಇರಬಹುದು. ಅರ್ಧ ಮೀಟರ್ ತಪ್ಪಿದರೆ ನಾನಂತೂ ಆ ಕಂಪ್ಯೂಟರನ್ನು ರಿಪೇರಿಗೆ ಕಳಿಸದೆ ನೀರಿಗೆ ಇಳಿಯುವುದಿಲ್ಲ.

ಡೈವ್‌ಗೆ ಹೊರಡುವ ಒಂದೆರಡು ದಿನ ಮೊದಲೇ ಇದನ್ನು ಮುಗಿಸಿಕೊಳ್ಳಿ. ಪಾಪ, ಕಂಪ್ಯೂಟರಿಗೆ ಬಾವಿಯೂ ಒಂದೇ, ನೇತ್ರಾಣಿಯೂ ಒಂದೇ. ಅದನ್ನೂ ಒಂದು ಡೈವ್ ಅಂತಲೇ ಬರೆದುಕೊಳ್ಳುತ್ತದೆ.

ಹೆಜ್ಜೆ 3: ಗಳಕ್ಕೆ ಕಟ್ಟಿ ಸೆಕೆಂಡ್ ಅಳೆಯಿರಿ

ಈ ಬರಹದ ಮುಖ್ಯ ಭಾಗ ಇದೇ. ನಾನು ಹಲವು ರೀತಿ ಮಾಡಿ ನೋಡಿ ಕೊನೆಗೆ ಇದಕ್ಕೆ ನಿಂತೆ.

ಎರಡೂವರೆ ಮೂರು ಮೀಟರ್ ಆಳವಿರುವ ಈಜುಕೊಳ ಹುಡುಕಿ. ಕೊಳದವರ ಅನುಮತಿ ಕೇಳಿ, ಜನ ಕಡಿಮೆ ಇರುವ ಹೊತ್ತಿಗೆ ಹೋಗಿ. ಕೊಳದ ಆಳಕ್ಕಿಂತ ಉದ್ದದ ಗಳ ಬೇಕು. ತೋಟದಲ್ಲಿ ಬಳಸುವ ದೋಟಿ ಇದ್ದರೆ ಅದರ ಕತ್ತಿ ಬಿಚ್ಚಿಟ್ಟು ತನ್ನಿ. ಗಳದ ಬುಡದಿಂದ ಒಂದು ಗೇಣು ಮೇಲೆ ಕಂಪ್ಯೂಟರ್ ಕಟ್ಟಿ. ಅದರ ಮುಂದೆ, ಪರದೆ ಸ್ಪಷ್ಟವಾಗಿ ಕಾಣುವಷ್ಟು ದೂರದಲ್ಲಿ, ಅದೇ ಗಳಕ್ಕೆ ಕ್ಯಾಮೆರಾ ಕಟ್ಟಿ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುವಂತೆ ಇಟ್ಟು ವಿಡಿಯೊ ಶುರುಮಾಡಿ. ಧ್ವನಿಯೂ ದಾಖಲಾಗಬೇಕು.

ಈಗ ಗಳವನ್ನು ಇಳಿಸಿ, ಕಂಪ್ಯೂಟರ್ ಸುಮಾರು ಒಂದೂವರೆ ಮೀಟರಿನಲ್ಲಿ ಇರುವಂತೆ ಹಿಡಿದು ಒಂದು ನಿಮಿಷ ಕಾಯಿರಿ. ಕಂಪ್ಯೂಟರ್ ಡೈವ್ ಶುರುವಾಯಿತು ಅಂತ ಒಪ್ಪಿಕೊಳ್ಳಲು ಸಾಮಾನ್ಯವಾಗಿ ಒಂದು, ಒಂದೂವರೆ ಮೀಟರ್ ಬೇಕು. ಅದಕ್ಕಿಂತ ಮೇಲೆ ಆಳದ ಅಂಕಿಯೇ ಬರದಿರಬಹುದು. ಅಂಕಿ ನಿಂತ ಮೇಲೆ ಗಳವನ್ನು ಬೇಗನೆ ಕೆಳಗಿಳಿಸಿ ಬುಡ ತಳಕ್ಕೆ ಮೆಲ್ಲಗೆ ತಾಗುವಂತೆ ಮಾಡಿ. ‘ಟಕ್’ ಅನ್ನುವ ಸದ್ದು ವಿಡಿಯೊದಲ್ಲಿ ಕೇಳುತ್ತದೆ. ಗಳ ನಿಂತ ಕ್ಷಣ ಅದು. ಅಲ್ಲಾಡದೆ ಹತ್ತು ಸೆಕೆಂಡ್ ಹಿಡಿಯಿರಿ. ಹೀಗೆ ಐದು ಸಲ ಮಾಡಿ.

ಮನೆಗೆ ಬಂದು ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿ. ಸದ್ದು ಕೇಳಿದ ಚಿತ್ರದಿಂದ ಅಂಕಿ ಕೊನೆಯ ಬೆಲೆಗೆ ಬಂದು ನಿಂತ ಚಿತ್ರದ ತನಕ ಎಣಿಸಿ. 60 ಚಿತ್ರ ಆದರೆ ಎರಡು ಸೆಕೆಂಡ್. ಐದರಲ್ಲಿ ಅತಿ ಹೆಚ್ಚು ಬಂದದ್ದನ್ನೇ ಬರೆದಿಡಿ, ಸರಾಸರಿಯನ್ನಲ್ಲ. ನೀರಿನಲ್ಲಿ ನಿಮ್ಮನ್ನು ಕಾಡುವುದು ಆ ಕೆಟ್ಟ ಸಲವೇ.

ಎಣಿಸುವಾಗ ಅಂಕಿ ಹೇಗೆ ಬದಲಾಯಿತು ಅಂತಲೂ ಗಮನಿಸಿ. ಒಂದು ಕಂಪ್ಯೂಟರ್ ಸುಮ್ಮನೆ ನಿಂತಿದ್ದು 1.5ರಿಂದ 2.5ಕ್ಕೆ ಒಂದೇ ಜಿಗಿತಕ್ಕೆ ಹೋಗುತ್ತದೆ. ಇನ್ನೊಂದು 1.7, 2.0, 2.3, 2.4 ಅಂತ ತೆವಳುತ್ತದೆ. ಮೊದಲನೆಯದರಲ್ಲಿ ಪರದೆ ಬದಲಾಗುವುದು ನಿಧಾನ, ಆದರೆ ಬಂದ ಅಂಕಿ ತಾಜಾ. ಎರಡನೆಯದರಲ್ಲಿ ಸರಾಸರಿ ಜಾಸ್ತಿ. ತೆವಳುವ ಕಂಪ್ಯೂಟರ್ ಹೆಚ್ಚು ಮೋಸ ಮಾಡುತ್ತದೆ. ಅಂಕಿ ಬದಲಾಗುತ್ತಲೇ ಇರುವುದರಿಂದ ಅದು ಈಗಿನದು ಅಂತಲೇ ನಂಬುತ್ತೇವೆ, ಅದನ್ನು ಹಿಂಬಾಲಿಸಿ ಗಾಳಿ ತುಂಬುತ್ತೇವೆ, ಬಿಡುತ್ತೇವೆ. ನೇತ್ರಾಣಿಯಲ್ಲಿ ನಾನು ಕಟ್ಟಿಕೊಂಡಿದ್ದರಲ್ಲಿ ಎರಡೂ ದೋಷ ಸೇರಿದ್ದವು ಅಂತ ಈಗ ಅನಿಸುತ್ತದೆ.

ನನ್ನ ಅಳತೆಗೋಲು ಇಷ್ಟು. ಒಂದು ಸೆಕೆಂಡಿನ ಆಸುಪಾಸು ಇದ್ದರೆ ಚೆನ್ನ. ಎರಡು ಆದರೆ ಅಭ್ಯಾಸ ಮಾಡಿಕೊಳ್ಳಬಹುದು. ಮೂರು ದಾಟಿದರೆ ಆ ಅಂಕಿ ನೋಡಿಕೊಂಡು ಸೇಫ್ಟಿ ಸ್ಟಾಪ್ ಹಿಡಿಯುವ ಬದಲು ಹಗ್ಗ ಹಿಡಿದುಕೊಳ್ಳುವುದು ಒಳ್ಳೆಯದು.

ಡೈವ್ ಮುಗಿದ ಮೇಲೆ ಫೋನಿನಲ್ಲಿ ಕಾಣುವ ಗ್ರಾಫ್ ನೋಡಿ ಚುರುಕುತನ ತೀರ್ಮಾನಿಸಬೇಡಿ. ಗ್ರಾಫಿಗೆ 10 ಅಥವಾ 20 ಸೆಕೆಂಡಿಗೊಮ್ಮೆ ಮಾತ್ರ ಬರೆದಿಡುವ ಕಂಪ್ಯೂಟರ್‌ಗಳು ಬೇಕಾದಷ್ಟಿವೆ. ಬರೆದಿಡುವುದು ಬೇರೆ, ಪರದೆಗೆ ತೋರಿಸುವುದು ಬೇರೆ. ಹಾಗೆಯೇ ನೀರಿನ ಉಷ್ಣತೆಯ ಅಂಕಿ ನಿಧಾನವಾಗಿ ಬದಲಾದರೆ ಅದು ದೋಷವಲ್ಲ. ಕಂಪ್ಯೂಟರಿನ ಮೈ ತಣ್ಣಗಾಗಲು ನಿಮಿಷಗಳೇ ಬೇಕು.

ಹೆಜ್ಜೆ 4: ಸಮುದ್ರದಲ್ಲಿ ಕೈ ಆಡಿಸಿ ನೋಡಿ

ಡೈವ್ ಕೊನೆಯಲ್ಲಿ, ಗಾಳಿ ಸಾಕಷ್ಟಿದ್ದಾಗ, 5 ಮೀಟರಿನಲ್ಲಿ ಹಗ್ಗ ಹಿಡಿದು ನಿಂತು ಇದನ್ನು ಮಾಡಿ. ಜೊತೆಗೆ ಡೈವ್ ಮಾಡುವವರಿಗೆ ಬೋಟಿನಲ್ಲೇ ಹೇಳಿರಿ. ಕಂಪ್ಯೂಟರ್ ಕಟ್ಟಿದ ಕೈಯನ್ನು ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿ. ಅಲ್ಲಿಂದ ಬೇಗನೆ ತೊಡೆಯ ತನಕ ಇಳಿಸಿ. ಒಂದು ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಕಾಣಬೇಕು. ಉಲ್ಟಾ ಮಾಡಬೇಡಿ. ಕೈಯನ್ನು ಬೇಗ ಮೇಲೆತ್ತಿದರೆ ನೀವೇ ವೇಗವಾಗಿ ಮೇಲೇರಿದಿರಿ ಅಂತ ಕಂಪ್ಯೂಟರ್ ಕೂಗಿಕೊಳ್ಳುತ್ತದೆ, ಕೆಲವು ಅದನ್ನು ತಪ್ಪು ಅಂತ ದಾಖಲೆಯನ್ನೂ ಮಾಡುತ್ತವೆ.

ಇದರಿಂದ ಇನ್ನೊಂದು ಪಾಠವೂ ಸಿಗುತ್ತದೆ. ಕಂಪ್ಯೂಟರ್ ಅಳೆಯುವುದು ಮಣಿಕಟ್ಟಿನ ಆಳವನ್ನು, ನಿಮ್ಮ ಎದೆಯ ಆಳವನ್ನಲ್ಲ. ಮೇಲೇರುವಾಗ ಒಂದು ಕೈಯಲ್ಲಿ ಬಿಸಿಡಿಯ ಪೈಪನ್ನು ಎತ್ತಿ ಹಿಡಿಯುತ್ತೀರಿ, ಅಲ್ವಾ? ಅದೇ ಕೈಗೆ ಕಂಪ್ಯೂಟರ್ ಕಟ್ಟಿದ್ದರೆ ಗಾಳಿ ಬಿಡಲು ಕೈ ಎತ್ತಿದಾಗಲೆಲ್ಲ ಅಂಕಿ ಕುಣಿಯುತ್ತದೆ. ಪೈಪ್ ಸಾಮಾನ್ಯವಾಗಿ ಎಡಗೈಯಲ್ಲಿ. ಅದಕ್ಕೆ ನಾನು ಕಂಪ್ಯೂಟರನ್ನು ಬಲಗೈಗೆ ಬದಲಾಯಿಸಿದೆ. ಮೇಲೇರುವಾಗ ಅದನ್ನು ಎದೆಯ ಮುಂದೆ ಒಂದೇ ಮಟ್ಟದಲ್ಲಿ ಹಿಡಿಯುತ್ತೇನೆ.

ಅಲೆಯ ಏರಿಳಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಳೆಗಾಲ ಮುಗಿದ ಹೊಸದರಲ್ಲಿ ಉದ್ದನೆಯ ಅಲೆಗಳು ಬರುತ್ತಿದ್ದರೆ, ಬಂಡೆಗೆ ಅಂಟಿದಂತೆ ನಿಂತಿದ್ದರೂ ನಿಮ್ಮ ತಲೆಯ ಮೇಲಿನ ನೀರು ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಚುರುಕಾದ ಕಂಪ್ಯೂಟರ್ ಅದನ್ನು 4.7, 5.2, 4.8 ಅಂತ ಹಾಗೇ ತೋರಿಸುತ್ತದೆ. ಅದು ಸರಿಯಾದ ಕೆಲಸ. ಆ ಅಂಕಿಗಳ ನಡುವೆ ಎಲ್ಲಿದ್ದೀರಿ ಅಂತ ನೋಡಿ, ಒಂದೊಂದಕ್ಕೂ ಬಿಸಿಡಿಯ ಗುಂಡಿ ಒತ್ತಬೇಡಿ.

ಹೆಜ್ಜೆ 5: ಪರದೆಯನ್ನು ಓದಿ ನೋಡಿ

ಬೇಗ ಬಂದ ಅಂಕಿಯನ್ನು ಬೇಗ ಓದಲೂ ಆಗಬೇಕು. ಹಿಂದಿನ ಕಾಲದ ಮುಳ್ಳಿನ ಆಳಮಾಪಕಗಳಲ್ಲಿ ಒಂದು ಒಳ್ಳೆಯ ಗುಣ ಇತ್ತು. ಮುಳ್ಳು ಸರಿಯುವ ವೇಗದಿಂದಲೇ ನೀವು ಮೇಲೇರುವ ವೇಗ ಕಣ್ಣಿಗೆ ಬೀಳುತ್ತಿತ್ತು. ಸಣ್ಣ ನಳಿಗೆಯ ಮಾಪಕ ಇನ್ನೂ ಸರಳ. ಒಂದು ತುದಿ ಮುಚ್ಚಿದ ನಳಿಗೆಯೊಳಗೆ ನೀರು ನುಗ್ಗಿ ಗಾಳಿಯನ್ನು ಒತ್ತುತ್ತದೆ, 10 ಮೀಟರಿನಲ್ಲಿ ಗಾಳಿ ಅರ್ಧವಾಗುತ್ತದೆ. ಹಾಗಾಗಿ ಮೇಲಿನ 10 ಮೀಟರಿಗೇ ಅರ್ಧ ನಳಿಗೆ ಸಿಗುತ್ತದೆ, ಎಲ್ಲಿ ಬೇಕೋ ಅಲ್ಲೇ ಗುರುತುಗಳು ಅಗಲ! 1983ರಲ್ಲಿ ಆರ್ಕಾ ಎಡ್ಜ್, ಡೆಕೊಬ್ರೇನ್ ಅನ್ನುವ ಡೈವ್ ಕಂಪ್ಯೂಟರ್‌ಗಳು ಬಂದವು. ಆಮೇಲೆ ಎಲ್ಲವೂ ಅಂಕಿಗಳಾದವು. ಅಂಕಿ ನಿಖರ, ಆದರೆ ಅದರಲ್ಲಿ ಚಲನೆ ಕಾಣುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಮೇಲೇರುವ ವೇಗದ ಪಟ್ಟಿ ಬೇಕಾಯಿತು.

ಅಂಗಡಿಯಲ್ಲಿ ಡೈವ್ ಪರದೆಯ ನಮೂನೆ ತೋರಿಸಲು ಹೇಳಿ. ಕೈ ಚಾಚಿ, ಒಂದೇ ಕ್ಷಣ ನೋಡಿ ಕಣ್ಣು ಮುಚ್ಚಿ. ಆಳ ಎಷ್ಟು ಅಂತ ಹೇಳಲು ಬಂತಾ? ಆಳದ ಅಂಕಿ ಉಳಿದವುಗಳಿಗಿಂತ ದೊಡ್ಡದಾಗಿರಬೇಕು, ಯಾವಾಗಲೂ ಒಂದೇ ಜಾಗದಲ್ಲಿರಬೇಕು. ಒಮ್ಮೆ ಬಾಡಿಗೆ ಕಂಪ್ಯೂಟರಿನಲ್ಲಿ ಆಳ, ಗರಿಷ್ಠ ಆಳ, ಉಳಿದ ನಿಮಿಷ (ಆ ಆಳದಲ್ಲಿ ಇನ್ನೂ ಎಷ್ಟು ಹೊತ್ತು ಇರಬಹುದು ಅನ್ನುವುದು) ಮೂರೂ ಒಂದೇ ಗಾತ್ರದಲ್ಲಿದ್ದವು. 22 ಮೀಟರಿನಲ್ಲಿದ್ದಾಗ ಉಳಿದ ನಿಮಿಷದ 16 ನೋಡಿ ಅದನ್ನೇ ಆಳ ಅಂದುಕೊಂಡೆ. ಇನ್‌ಸ್ಟ್ರಕ್ಟರ್ ಬಂದು ಮೇಲೆ ತೋರಿಸಿದ ಮೇಲೆ ಗೊತ್ತಾಯಿತು. 30 ಮೀಟರ್ ದಾಟಿ ಸಾರಜನಕದಿಂದ ತಲೆ ಮಂಕಾದಾಗ ಇಂಥ ತಪ್ಪು ಇನ್ನೂ ಸುಲಭ.

ದಶಮಾಂಶದ ಅಂಕಿ ಸ್ವಲ್ಪ ಚಿಕ್ಕದಾಗಿದ್ದರೆ ಒಳ್ಳೆಯದು. 15.2 ಮತ್ತು 152 ಕಣ್ಣಿಗೆ ಬೇರೆಯಾಗಿ ಬೀಳಬೇಕು. ಎಚ್ಚರಿಕೆ ಬರೀ ಬಣ್ಣದಲ್ಲಿದ್ದರೆ ಸಾಲದು. ಕೆಂಪು ಹಸಿರು ಗುರುತಿಸಲಾಗದವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಅಂಕಿ ಮಿಟುಕಬೇಕು ಅಥವಾ ಕೈಯಲ್ಲಿ ನಡುಗಬೇಕು. ಇನ್ನು ಮಾಸ್ಕ್ ಹಾಕಿಕೊಂಡಾಗ ನೀರಿನಲ್ಲಿ ವಸ್ತುಗಳು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತವೆ. ಆದರೂ 40 ದಾಟಿದವರು ಅದನ್ನು ನಂಬಿ ಚಿಕ್ಕ ಪರದೆ ಕೊಳ್ಳಬೇಡಿ. ನೀರು ಮಣ್ಣುಮಣ್ಣಾಗಿದ್ದ ದಿನ ಅದು ಸಾಕಾಗುವುದಿಲ್ಲ.

ಆಪಲ್ ವಾಚ್ ಅಲ್ಟ್ರಾ ಸಾಕಾ ಅಂತ ಕೇಳುವವರಿದ್ದಾರೆ. 2022ರಲ್ಲಿ ಬಂದ ಅದು 40 ಮೀಟರ್ ತನಕ ಆಳ ತೋರಿಸುತ್ತದೆ. ಆದರೆ ಅದರಲ್ಲೇ ಇರುವ ಆಳದ ಆ್ಯಪ್ ಸಾರಜನಕದ ಲೆಕ್ಕ ಮಾಡುವುದಿಲ್ಲ. ಅದಕ್ಕೆ ಬೇರೆ ಡೈವ್ ಆ್ಯಪ್ ಹಾಕಿಕೊಳ್ಳಬೇಕು. ಗಳದ ಪರೀಕ್ಷೆಯನ್ನು ಅದಕ್ಕೂ ಮಾಡಿ.

ಹೆಜ್ಜೆ 6: ತಡ ಇದ್ದೇ ಇರುತ್ತದೆ, ಎಣಿಸಿಕೊಂಡು ಏರಿ

ನಿಮಿಷಕ್ಕೆ 9 ಮೀಟರ್ ಅಂದರೆ ಒಂದು ಮೀಟರಿಗೆ ಸುಮಾರು ಏಳು ಸೆಕೆಂಡ್. ನಾನು ಮನಸ್ಸಿನಲ್ಲಿ ಏಳರ ತನಕ ಎಣಿಸಿ ಒಮ್ಮೆ ಪರದೆ ನೋಡುತ್ತೇನೆ. ಒಂದು ಮೀಟರಿಗಿಂತ ಜಾಸ್ತಿ ಬದಲಾಗಿದ್ದರೆ ವೇಗ ಜಾಸ್ತಿ. ಹೀಗೆ ಮಾಡಿದರೆ ಎರಡು ಸೆಕೆಂಡ್ ತಡ ಇದ್ದರೂ ಲೆಕ್ಕ ಕೆಡುವುದಿಲ್ಲ. ಏಕೆಂದರೆ ಪ್ರತಿ ಸಲವೂ ಅಷ್ಟೇ ತಡ ಇರುತ್ತದೆ. ನಿಲ್ಲುವಾಗ ಮಾತ್ರ ತಡ ಕಾಡುತ್ತದೆ. ನಿಮ್ಮ ಕಂಪ್ಯೂಟರಿನದು ಎರಡು ಸೆಕೆಂಡ್ ಆಗಿದ್ದರೆ ಪರದೆಯಲ್ಲಿ 5.5 ಕಂಡಾಗಲೇ ಏರುವುದನ್ನು ನಿಲ್ಲಿಸತೊಡಗಿ. ಸೇಫ್ಟಿ ಸ್ಟಾಪ್ ಮುಗಿದ ಮೇಲಿನ ಕೊನೆಯ 5 ಮೀಟರಿಗೆ ಅರ್ಧ ನಿಮಿಷಕ್ಕಿಂತ ಜಾಸ್ತಿ ತೆಗೆದುಕೊಳ್ಳಿ. ಅಲ್ಲಿ ಬಹಳ ಜನ ಕಂಪ್ಯೂಟರ್ ನೋಡುವುದನ್ನೇ ಬಿಟ್ಟು ಮೇಲೆ ಹಾರುತ್ತಾರೆ.

ಹೆಜ್ಜೆ 7: ತೂತು ತೊಳೆಯಿರಿ

ಹೊಸದಿದ್ದಾಗ ಚುರುಕಾಗಿದ್ದ ಕಂಪ್ಯೂಟರ್ ವರ್ಷದ ನಂತರ ಸೋಮಾರಿಯಾದರೆ ಮೊದಲು ಸೆನ್ಸರಿನ ಮೇಲಿನ ಸಣ್ಣ ತೂತುಗಳನ್ನು ನೋಡಿ. ಉಪ್ಪು ಗಟ್ಟಿಯಾಗಿ ಕೂತರೆ ಒತ್ತಡ ಒಳಗೆ ತಡವಾಗಿ ತಲುಪುತ್ತದೆ. ಪ್ರತಿ ಡೈವ್ ದಿನದ ಕೊನೆಗೆ ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ, ಒಣಗುವ ಮೊದಲೇ. ಪಿನ್ನು, ಸೂಜಿ ಹಾಕಿ ಚುಚ್ಚಬೇಡಿ. ಸಿಲಿಂಡರಿನ ಗಾಳಿಯನ್ನು ಅದರ ಮೇಲೆ ಊದಬೇಡಿ. ಒಳಗಿನ ತೆಳು ಪೊರೆ ಅದಕ್ಕೇ ಹಾಳಾಗುವುದು.

ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ ನೇತ್ರಾಣಿಯ ಬೋಟುಗಳು ನಿಂತಿರುವಾಗ, ಬಾವಿ ಮತ್ತು ಗಳದ ಪರೀಕ್ಷೆಯನ್ನು ಮತ್ತೆ ಮಾಡಿ. ನನ್ನ ಕಂಪ್ಯೂಟರಿನ ಪಟ್ಟಿಯ ಒಳಬದಿಯಲ್ಲಿ ಒಂದು ಬಿಳಿ ಟೇಪ್ ಅಂಟಿಸಿದ್ದೇನೆ. ಅದರ ಮೇಲೆ ಮಾಸದ ಪೆನ್ನಿನಲ್ಲಿ ಎರಡೇ ಅಂಕಿ: ಬಾವಿಯಲ್ಲಿ ಬಂದ 4.9, ಗಳದಲ್ಲಿ ಬಂದ 1.4 ಸೆಕೆಂಡ್. ನನ್ನ ಕಂಪ್ಯೂಟರನ್ನು ಯಾರಾದರೂ ಎರವಲು ಕೇಳಿದರೆ ಮೊದಲು ಆ ಟೇಪ್ ತೋರಿಸಿ ಕೊಡುತ್ತೇನೆ.